ಐವತ್ತೆರಡನೇ ಪುಟ

ಶಿವರಾತ್ರಿ ಮುಂದ ಕೊಟ್ಟಿದ್ದರು ಮಾಸ್ತರ್.
ಆರುನೂರಾ ಹತ್ತು ಪುಟ, ದಪ್ಪ ರಟ್ಟು,
ಒಳಗ ಹಸರು ಶಾಯಿಲೆ:
'ಚಿ. ಜಗದೇವಿಗೆ, ಆಶೀರ್ವಾದಪೂರ್ವಕ.'
ಮುಗಿಸಿ ಹೇಳವ್ವ, ಅಂದರು.
ಹೇಳ್ತೀನ್ರಿ ಸರ್, ಅಂದೆ.
ಅಲ್ಲೇ ಸಿಕ್ಕಿಬಿದ್ದೆ.

ಮಾಸ್ತರ್ ಅಂದ್ರ ಶಾಂತಮಲ್ಲಪ್ಪ ಮಾಸ್ತರ್,
ಬ್ರಹ್ಮಪುರದ ಸಾಲ್ಯಾಗ ನನಗ ವಿಭಕ್ತಿ ಕಲಿಸಿದವರು.
ಸಪ್ತಮಿ ತಪ್ಪಿದರ ಅಂಗೈಗಿ ಸ್ಕೇಲು.
ಅವರ ಕಾದಂಬರಿಯೊಳಗ ಒಂದೂ ವಿಭಕ್ತಿ ತಪ್ಪಿಲ್ಲ.
ಅದೇ ತ್ರಾಸು.
ನಾಯಕ ಎದ್ದ, ಮಾರಿ ತೊಳಕೊಂಡ, ಕಿಡಕಿ ತಗದ,
ಮೂವತ್ತು ಪುಟ ಹೊರಗ ನೋಡಕೋತ ನಿಂತ.
ಹೊರಗ ಏನಿತ್ತು?
ಅವನೂ ಹೇಳಲಿಲ್ಲ.

ನಾ ನಂದೂರ ಕಡಿ ದಾಲ್ ಮಿಲ್ಲಿನಾಗ ಲೆಕ್ಕ ಬರಿಯಾಕಿ.
ಮೂಗಿನ ತುಂಬ ತೊಗರಿ ಧೂಳು.
ಖರೀದಿದಾರ ಬಂದವನೇ
ಚೀಲಕ್ಕ ಕಬ್ಬಿಣದ ಕೊಳವಿ ಚುಚ್ಚತಾನ,
ಬಂದ ಒಂದು ಹಿಡಿ ಅಂಗೈಯಾಗ ಹರವತಾನ,
ಹಲ್ಲಿಗಿ ಒಂದು ಕಾಳು. ಕಟಕ್.
ಬ್ಯಾಡ ಅಂದ್ರ ಬ್ಯಾಡ, ಮುಂದಿನ ಚೀಲ.
ಪೂರಾ ಚೀಲ ತಿಂದು ಆಮ್ಯಾಲ ಹೇಳ್ತೀನಿ ಅಂದವನನ್ನ
ಇಪ್ಪತ್ತೊಂದು ವರ್ಷದಾಗ ನಾ ಕಂಡಿಲ್ಲ.
ಪುಸ್ತಕಕ್ಕಷ್ಟೇ ಯಾಕ ಬ್ಯಾರೆ ತಕ್ಕಡಿ?

ಮುಂಜಾನಿ ಹಾಲಿನ ಬೂತಿನ ಮುಂದ ಅವರು ನಿಂತಿರತಾರ:
'ಎಲ್ಲಿತನಕ ಬಂತವ್ವ?'
ಬಿಸಿಲು ಭಾಳ ಅದರಿ ಸರ್, ಅಂತಿದ್ದೆ ಮೊದಲು.
ಆಮ್ಯಾಲ ನೂರು ಅಂದೆ.
ಮರುವಾರ ನೂರಾ ಎಂಬತ್ತು.
ಸುಳ್ಳಿನ ಪುಟ ಜೋರು ಓಡಿದವು.
ಖರೇ ಪುಟ ಮಾತ್ರ
ಸೇಡಂ ಬಸ್ಸಿನ ಟಿಕೇಟು ಕಚ್ಚಿಕೊಂಡು
ಐವತ್ತೆರಡಕ್ಕ ಕುಂತೇ ಇತ್ತು.

'ಸುಭದ್ರಿ ಬಂದಳೇನು?' ಕೇಳಿದರು ಒಂದಿನ.
ಬಂದಳ್ರಿ.
'ಹ್ಯಾಂಗ ಅನಸ್ತು?'
ಪಾಪ, ಅಂದೆ.
ಮಾಸ್ತರ್ ಚಸ್ಮಾ ತಗದು ಒರಸಕೊಂಡರು.

ಅವತ್ತು ರಾತ್ರಿ ನಿದ್ದಿ ಹತ್ತಲಿಲ್ಲ.
ಶಹಾಬಾದ ಕಲ್ಲಿನ ನೆಲದ ಮ್ಯಾಲ ಬೋರಲ ಬಿದ್ದು
ಸುಭದ್ರಿನ್ನ ಹುಡುಕಿದೆ.
ಕೂಲರಿನ ಗಾಳಿಗಿ ಹಾಳಿ ತಾವೇ ಹೊಳ್ಳತಿದ್ದವು,
ಅವಕ್ಕೂ ಲಗೂ ಮುಗಿಸೂದಿತ್ತೇನೋ.
ನಾಕನೂರಾ ಹದಿನೇಳರಾಗ ಸಿಕ್ಕಳು.
ಬಾವ್ಯಾಗ ಹಗ್ಗ ಬಿಟ್ಟು ನಿಂತಾಳ,
ಹಗ್ಗದ ತುದಿಗಿ ಕೊಡ ಕಟ್ಟೂದು ಮರತು.
ಅಷ್ಟೇ, ಒಂದು ಸಾಲು.
ನಾ ಎದ್ದು ಕುಂತೆ.
ಮುಂದಿನ ಸಾಲಿನಾಗ ನಾಯಕ ಮತ್ತ ಕಿಡಕಿ ತಗದ.

ನೂರಾ ಎಂಬತ್ತರಾಗ ಇದ್ದಾಕಿಗಿ
ನಾಕನೂರಾ ಹದಿನೇಳರಾಕಿ ಹ್ಯಾಂಗ ಸಿಕ್ಕಳು?
ಮಾಸ್ತರ್ ಕೇಳಿರಲಿಲ್ಲ.

ಐತವಾರ ಪುಸ್ತಕ ಹೊಳ್ಳಿ ಕೊಡಲಿಕ್ಕ ಹೋದೆ.
ಕಾಶಿಬಾಯಿ ಅವರು ಮೊರ ಹಿಡಕೊಂಡು ಕಟ್ಟಿ ಮ್ಯಾಲಿದ್ದರು.
'ಅವರಿಲ್ಲವ್ವ, ಯಾರದೋ ಸೀರೆ ಕಾರ್ಯಕ್ಕ ಹೋಗ್ಯಾರ.'
ಕೈಯಾಗಿನ ಗಂಟು ನೋಡಿದರು.
'ಎಷ್ಟಕ್ಕ ಬಿಟ್ಟಿ?'
ಐವತ್ತೆರಡು, ಅಂದೆ, ಸ್ಕೇಲಿಗಿ ಕೈ ಚಾಚಿದ ಹಾಂಗ.
'ಗಟ್ಟಿ ಇದ್ದಿ. ನಾ ನಲವತ್ತಕ್ಕ.
ಮದಿವ್ಯಾಗಿ ನಲವತ್ತು ವರ್ಷ,
ವರ್ಷಕ್ಕೊಂದು ಪುಟ ಸಾಕಲ್ಲೇನು?'
ಸೂಸಲಾ ಹಾಕಿ ಕೊಟ್ಟರು, ಮ್ಯಾಲ ಒಂದು ಮಿರ್ಚಿ.
ಪುಸ್ತಕ ಮಾತ್ರ ಇಸಕೊಳ್ಳಲಿಲ್ಲ:
'ನೀನೇ ಹೇಳು. ನಾ ಇನ್ನೂ ಹೇಳಿಲ್ಲ.'

ಸೋಮವಾರ.
'ಎಲ್ಲಿತನಕ ಬಂತವ್ವ?'
ಬಿಟ್ಟೀನ್ರಿ ಸರ್.
ಹಾಲಿನ ಪಾಕೀಟಿನ ಮೂಲಿಗಿ ಒಂದು ಹನಿ
ಬೀಳಲೋ ಬ್ಯಾಡೋ ಅಂತ ನಿಂತಿತ್ತು.
ಆದರ ಆ ಬಾವಿ ಸಾಲು ಬಿಡವಲ್ಲದ್ರಿ, ಅಂದೆ.
ಆ ಕೊಡ ಕಟ್ಟೂದು ಮರತದ್ದು.

ಮಾಸ್ತರ್ ಭಾಳ ಹೊತ್ತು ರಸ್ತಾ ನೋಡಿದರು,
ಅವರ ನಾಯಕನ ಹಾಂಗೇ.
'ಅದೊಂದು ಸಾಲು,' ಅಂದರು,
'ಒಂದೇ ಸಲಕ್ಕ ಬರದಿದ್ದೆ, ತಂಗಿ.
ಉಳಿದದ್ದೆಲ್ಲಾ ಏಳೇಳು ಸಲ.'

ಚಿಲ್ಲರ ಎಣಿಸಿ ತಗೊಂಡರು.
ಒಂದು ರೂಪಾಯಿ ಕಮ್ಮಿ ಇತ್ತು, ಕೇಳಿ ಇಸಕೊಂಡರು.